ಹದಿನೇಳನೆಯ ತಂಬೂರಿ

ಹಿಂಜವಾಡಿಯ ಆಫೀಸಿನಲ್ಲಿ ನನ್ನ ಕೆಲಸವೇ ಬ್ಯಾಕಪ್. ಊರಿನ ಮಾಹಿತಿಯನ್ನೆಲ್ಲ ಕಾಯುವವನಿಗೆ ಮನೆಯ ಸಿಂಥಸೈಜರ್ ವಾದ್ಯ ಯಾವ ಲೆಕ್ಕ!

ಎರಡು ವರ್ಷ ಒದ್ದಾಡಿ ಅದರಲ್ಲಿ ನಲವತ್ತು ನಾದಗಳನ್ನು ನಾನೇ ತಯಾರಿಸಿದ್ದೆ. ಹದಿನೇಳನೆಯದು ತಂಬೂರಿ. ಹೆಂಡತಿ ಶೈಲಾಳ ಕಂಠಕ್ಕೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಭಾನುವಾರ ನಿಗಡಿಯ ಗುಡಿಯಲ್ಲಿ ಅವಳ ಭಜನಾ ಮಂಡಳಿಯ ಮೊದಲ ಕಾರ್ಯಕ್ರಮ. ತಂಬೂರಿ ಕೈಕೊಟ್ಟರೆ ಅವಳ ಮಾನ ಹೋಗುತ್ತದೆ. ಆದ್ದರಿಂದ ಶನಿವಾರ ಬೆಳಿಗ್ಗೆ ಎಲ್ಲ ನಾದಗಳನ್ನೂ ಪೆನ್‌ಡ್ರೈವಿಗೆ ಇಳಿಸಿಡಲು ಪಣ ತೊಟ್ಟೆ.

“ಚಲೋ ನಡದದ, ಸುಮ್ನ ಯಾಕ ಕೆದಕ್ತೀರಿ?” ಎಂದಳು ಶೈಲಾ.

“ಇದು ನನ್ನ ಕಸಬು!” ಎಂದೆ.

ಸಿಕ್ಕ ಪೆನ್‌ಡ್ರೈವಿನಲ್ಲಿ, ಯಂತ್ರ ಕೊಂಡ ದಿನ ತೆಗೆದಿಟ್ಟ ಕಾರ್ಖಾನೆಯ ನಾದಗಳಿದ್ದವು. ಅವುಗಳ ಮೇಲೆಯೇ ಬರೆದರಾಯಿತು. ಯಂತ್ರ ವಿನಯದಿಂದ ಕೇಳಿತು: ಹಳೆಯದೆಲ್ಲ ಅಳಿಯುತ್ತದೆ, ಒಪ್ಪಿಗೆಯೇ? ‘ಓದಿ ಒತ್ತಿ’ ಎಂದು ಆಫೀಸಿನಲ್ಲಿ ದಿನವೂ ಬೋಧಿಸುವ ನಾನು ಓದದೆ ಒತ್ತಿದೆ.

ನಿಯಮದ ಪ್ರಕಾರ ನಕಲು ಮೂರಿರಬೇಕು. ಇನ್ನೆರಡು ಪೆನ್‌ಡ್ರೈವ್ ತಂದೆ. ಒಂದರಲ್ಲಿ ನನ್ನ ನಾದಗಳದೇ, ಹೋದ ದೀಪಾವಳಿಗೆ ಮಾಡಿಟ್ಟ ನಕಲಿತ್ತು. ಹೊಸದು ಬಂದ ಮೇಲೆ ಹಳೆಯದೇಕೆ? ಅಳಿಸಿಬಿಟ್ಟೆ!

ಸಂಜೆ ಮಂಡಳಿಯ ಎಂಟು ಹೆಂಗಸರು ತಾಲೀಮಿಗೆ ಬಂದು ಕೂತರು. ಗಂಭೀರವಾಗಿ ಹದಿನೇಳು ಒತ್ತಿದೆ. ಹೆಲಿಕಾಪ್ಟರ್ ಹಾರಿತು!

ಅವರಲ್ಲಿದ್ದ ಪಕ್ಕದ ಮನೆಯ ಮರಾಠಿ ಕಾಕು “ಅಗಬಾಯಿ!” ಎಂದು ಆಕಾಶ ನೋಡಲು ಬಾಲ್ಕನಿಗೆ ಓಡಿದರು. ನಾನು ಯಂತ್ರದ ಪರದೆಗೆ ಕಣ್ಣಿಟ್ಟು ನೋಡಿದೆ. ಬೆಳಿಗ್ಗೆ ‘ಸೇವ್’ ಬದಲು ‘ಲೋಡ್’ ಒತ್ತಿದ್ದೆ. ಕಾರ್ಖಾನೆಯ ನಾದಗಳು ಯಂತ್ರದೊಳಗೆ ಬಂದು ನನ್ನ ನಲವತ್ತನ್ನೂ ಅಳಿಸಿದ್ದವು. ಆಮೇಲೆ ಅವನ್ನೇ ಶ್ರದ್ಧೆಯಿಂದ ಇನ್ನೆರಡು ಕಡೆ ಇಳಿಸಿದ್ದೆ. ಮೂರಕ್ಕೆ ಮೂರೂ ಹೆಲಿಕಾಪ್ಟರ್!

ಆದರೆ ನಾನು ಸೋಲುವವನೇ? ಹೆಂಗಸರನ್ನು ಕಳಿಸಿ, ಎರಡು ವರ್ಷದ ಕೆಲಸವನ್ನು ಎರಡು ಗಂಟೆಯಲ್ಲಿ ಮಾಡಲು ಹಟ ಹಿಡಿದು ಕುಳಿತೆ. ಊಟದ ಹೊತ್ತಿಗೆ ಹೆಲಿಕಾಪ್ಟರ್ ನೆಲಕ್ಕಿಳಿದು ಗರಗರ ಅನ್ನುತ್ತಿತ್ತು.

“ಚಟ್ನಿ ರುಬ್ಬಾಕ ಹತ್ತೀರೇನ್ರಿ?” ಒಳಗಿನಿಂದ ಶೈಲಾಳ ದನಿ ಬಂತು.

“ತಂಬೂರಿ!”

ಶೈಲಾ ಹೊರಗೆ ಬಂದಳು. ಸ್ಟೂಲು ಹತ್ತಿ ಕಪಾಟಿನ ಮೇಲಿಂದ ತನ್ನ ತಾಯಿಯ ಹಾರ್ಮೋನಿಯಂ ಇಳಿಸಿ, ಸೆರಗಿನಿಂದ ಧೂಳು ಒರೆಸಿದಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಭಾನುವಾರ ಅವಳೇ ಬಾರಿಸಿದಳು, ಅವಳೇ ಹಾಡಿದಳು. ಗುಡಿ ತುಂಬಿತ್ತು. ನನ್ನ ಕೈಗೊಂದು ಜೋಡಿ ತಾಳ ಕೊಟ್ಟು ಹೇಳಿದಳು:

“ಹೆದರಬ್ಯಾಡ್ರಿ, ಇದರಾಗ ಒತ್ತೂದು ಏನೂ ಇಲ್ಲ.”

ನಿಜ, ಒಂದು ಗುಂಡಿಯೂ ಇರಲಿಲ್ಲ. ಆದರೂ ಮೊದಲ ಭಜನೆಯಲ್ಲೇ ಎರಡು ಸಲ ತಾಳ ತಪ್ಪಿಸಿದೆ!