ಕಗೆಯಾಮ ಉಳಿಸಿದ ಹದಿನೇಳು ನಿಮಿಷ

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಕಗೆಯಾಮ ತೊಶಿನಾರಿ ಬರೆದದ್ದು ಒಂದೇ ಒಂದು ಸಾಲು. ಅದನ್ನು ಬರೆಯದೆ ಸುಮ್ಮನೆ ಕಾಫಿ ಕುಡಿದುಕೊಂಡಿದ್ದರೆ ಯಾರೂ ಅವನನ್ನು ಕೇಳುತ್ತಿರಲಿಲ್ಲ.

ಜಪಾನಿನ ಮಾತ್ಸುಯೆ ಊರಿನ ಒಂದು ಸೊಬಾ ಶ್ಯಾವಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನು ಕೆಲಸ ಮಾಡುತ್ತಿದ್ದ ಕಂಪನಿ. ಒಟ್ಟು ನಾಲ್ಕು ಜನ. ನಲವತ್ತನಾಲ್ಕು ವರ್ಷದ ಕಗೆಯಾಮನಿಗೆ ಮದುವೆಯಾಗಿರಲಿಲ್ಲ. ತಾಯಿ ಮಿತ್ಸುಯೊ ಜೊತೆಗಿದ್ದಳು. ಊರಿನ ವಯಸ್ಸಾದವರ ಮನೆಗಳಿಗೆ ದಿನಕ್ಕೆ ಎರಡು ಹೊತ್ತು ಊಟದ ಡಬ್ಬಿ ಕಳಿಸುವ ಸಹಕಾರ ಸಂಘವೊಂದಕ್ಕೆ ಕಗೆಯಾಮ ಹಿಂದೆಂದೋ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದ. ಇನ್ನೂರ ಹನ್ನೆರಡು ಮನೆ, ನಾಲ್ಕು ವ್ಯಾನು. ಯಾವ ವ್ಯಾನು ಯಾವ ಮನೆಗೆ ಯಾವ ಕ್ರಮದಲ್ಲಿ ಹೋಗಬೇಕೆಂದು ಅದು ಲೆಕ್ಕಹಾಕಿ ಪಟ್ಟಿ ಕೊಡುತ್ತಿತ್ತು. ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು, ಆದರೆ ಕೊಡುತ್ತಿತ್ತು.

ಆ ಪ್ರೋಗ್ರಾಂ ಬರೆದ ಭಾಷೆಯ ಸ್ವಭಾವವೇ ಹಾಗೆ. ಯಂತ್ರ ಒಂದೊಂದೇ ಸಾಲನ್ನು ಓದಿ, ಅರ್ಥಮಾಡಿಕೊಂಡು, ಕೆಲಸ ಮಾಡಿ, ಮರೆತುಬಿಡುತ್ತದೆ. ಅದೇ ಸಾಲು ಮತ್ತೆ ಬಂದರೆ ಮತ್ತೆ ಮೊದಲಿನಿಂದ ಓದುತ್ತದೆ. ಹೊಸ ಆವೃತ್ತಿಯಲ್ಲಿ ಜಿಟ್ ಕಂಪೈಲರ್ ಎಂಬುದೊಂದು ಬಂದಿತ್ತು. ಪ್ರೋಗ್ರಾಂ ಓಡುತ್ತಿರುವಾಗಲೇ ಅದು ಪಕ್ಕದಲ್ಲಿ ಕುಳಿತು, ಪದೇ ಪದೇ ಬರುವ ಸಾಲುಗಳನ್ನು ಯಂತ್ರದ ಸ್ವಂತ ಭಾಷೆಗೆ ಅನುವಾದ ಮಾಡಿ ಇಟ್ಟುಬಿಡುತ್ತದೆ. ಅದನ್ನು ಎಬ್ಬಿಸಲು ಒಂದು ಸಾಲು ಸಾಕು. ಕಗೆಯಾಮ ಎಬ್ಬಿಸಿದ.

ಹತ್ತೂ ಐದಕ್ಕೆ ಫೋನು ಬಂತು. ಸಂಘದ ಅಡುಗೆಮನೆಯ ಮುಖ್ಯಸ್ಥೆ ಇತೊಹಾರಾ.

"ಕಗೆಯಾಮ-ಸಾನ್, ನಮ್ಮ ಕಂಪ್ಯೂಟರಿಗೆ ಏನು ತಿನ್ನಿಸಿದ್ರಿ?"

"ಯಾಕೆ, ಕೆಟ್ಟುಹೋಯ್ತಾ?"

"ಕೆಟ್ಟಿದ್ರೆ ಚೆನ್ನಾಗಿತ್ತು. ಪಟ್ಟಿ ಮೂರೇ ನಿಮಿಷಕ್ಕೆ ಬಂದುಬಿಡ್ತು. ನಾಲ್ಕು ಜನ ಡ್ರೈವರ್‌ಗಳೂ ಅದನ್ನ ಹಿಡ್ಕೊಂಡು ಕಿಟಕಿ ಹತ್ರ ನಿಂತಿದ್ದಾರೆ. ಇಲ್ಲಿ ಬಂಗುಡೆ ಇನ್ನೂ ಬೆಂಕಿ ಮೇಲಿದೆ, ಅನ್ನ ಆರೋಕೆ ಬೀಸಣಿಗೆ ಬೀಸ್ತಾ ಇದ್ದೀವಿ. ಮೂರನೇ ವ್ಯಾನಿನ ಎಜುಮಿ-ಸಾನ್ ಅಂತೂ ಚಹಾ ಲೋಟ ಎತ್ತೋಕೆ ಮುಂಚೆ ಪಟ್ಟಿ ಕೈಗೆ ಬಂತು. ಪಾಪ, ಅವರ ಮುಖ ನೋಡೋಕಾಗ್ಲಿಲ್ಲ."

"ಹದಿನೇಳು ನಿಮಿಷ ಉಳೀತಲ್ಲ ಅಂತ..."

"ಯಾರಿಗೆ ಉಳೀತು? ಉಳಿದಿದ್ದನ್ನ ನೀವೇ ಇಟ್ಕೊಳ್ಳಿ, ನಮ್ಮದು ನಮಗೆ ವಾಪಸ್ ಕೊಡಿ."

ಫೋನಿಟ್ಟು, ಒಂದು ಕಾಫಿ ಕುಡಿದು, ಕಗೆಯಾಮ ಆ ಸಾಲನ್ನು ಅಳಿಸಲು ಕೈ ಎತ್ತಿದ್ದನಷ್ಟೆ. ಕಂಪನಿಯ ಯಜಮಾನ ನಿಶಿಕೊರಿ ಮದುವೆ ಮನೆಯ ಬೀಗರ ಹಾಗೆ ಮುಖ ಅರಳಿಸಿಕೊಂಡು ಬಂದ. ಗೋಡೆ ತೆಳುವಾಗಿದ್ದ ಆ ಆಫೀಸಿನಲ್ಲಿ ಫೋನಿನ ಮಾತಿನಿಂದ ಅವನ ಕಿವಿಗೆ ಬಿದ್ದದ್ದು "ಹದಿನೇಳು ನಿಮಿಷ ಉಳೀತಲ್ಲ" ಎಂಬ ಮೂರು ಪದ ಮಾತ್ರ.

"ಕಗೆಯಾಮ-ಕುನ್, ಸಂಘದ ಅಧ್ಯಕ್ಷರಿಗೆ ಈಗಷ್ಟೇ ಹೇಳಿದೆ. ಮಧ್ಯಾಹ್ನ ಮೂರಕ್ಕೆ ಬಂದು ತೋರಿಸಿ ಅಂದ್ರು. ಇನ್ನೂ ಎರಡು ಊರಿನ ಕೆಲಸ ಸಿಗೋ ಹಾಗಿದೆ."

"ನಾನು ಅದನ್ನ ಆಫ್ ಮಾಡೋಣ ಅಂತಿದ್ದೆ."

"ನಾನು ಬಾಯಿ ಬಿಟ್ಟಾಗಿದೆ. ಬಿಟ್ಟ ಬಾಯನ್ನ ಆಫ್ ಮಾಡೋ ಸಾಲಿದ್ರೆ ಬರಿ. ಇಲ್ಲದಿದ್ರೆ ಜಿಟ್ ಹಾಗೇ ಇರಲಿ."

ಪಕ್ಕದ ಮೇಜಿನ ಫುಕುಮಾ ಕುರ್ಚಿ ಎಳೆದುಕೊಂಡು ಬಂದಳು. ಬೇರೆಯವರ ಕೆಲಸ ಕೆಡುತ್ತಿದ್ದರೆ ಅವಳಿಗೆ ತನ್ನ ಕೆಲಸ ನೆನಪಾಗುತ್ತಿರಲಿಲ್ಲ.

"ಆಫ್ ಯಾಕೆ ಮಾಡ್ತೀರಿ? ಹಿಡಿತದಲ್ಲಿ ಇಟ್ಕೊಳ್ಳಿ. ಒಂದು ಸಾಲು ಎಷ್ಟು ಸಲ ಬಂದ ಮೇಲೆ ಅನುವಾದ ಮಾಡಬೇಕು ಅಂತ ನಾವೇ ಹೇಳಬಹುದಲ್ಲ. ಈಗ ಮೂವತ್ತು ಸಲ ಅಂತಿದೆ. ಜಾಸ್ತಿ ಮಾಡಿ. ಸೋಮಾರಿಯಾಗುತ್ತೆ."

ಆಫೀಸಿನ ಕಂಪ್ಯೂಟರಿನಲ್ಲಿ ಪ್ರಯೋಗ ಶುರುವಾಯಿತು. ಮೂವತ್ತು ಸಾವಿರ ಎಂದು ಹಾಕಿದರು, ಮೂರು ನಿಮಿಷ. ಮೂವತ್ತು ಲಕ್ಷ, ಮೂರೂಕಾಲು. ಐವತ್ತು ಕೋಟಿ ಎಂದು ಹಾಕಿದ್ದೇ ತಡ, ಜಿಟ್ ಮುಸುಕು ಹಾಕಿಕೊಂಡು ಮಲಗಿಬಿಟ್ಟಿತು. ಪೂರಾ ಇಪ್ಪತ್ತು ನಿಮಿಷ. ಹಾಗೆ ಮಲಗಿದ್ದನ್ನು ಅಧ್ಯಕ್ಷರ ಮುಂದೆ ಆನ್ ಇದೆ ಎಂದು ಹೇಳುವ ಧೈರ್ಯ ಕಗೆಯಾಮನಿಗಿರಲಿಲ್ಲ.

"ನಮ್ಮನೆಯವರ ಹಾಗೇ ಇದು," ಎಂದಳು ಫುಕುಮಾ. "ಎದ್ರೆ ಓಡ್ತಾರೆ, ಇಲ್ಲದಿದ್ರೆ ಏಳೋದೇ ಇಲ್ಲ. ಮಧ್ಯೆ ನಡಿಗೆ ಅನ್ನೋದೇ ಗೊತ್ತಿಲ್ಲ."

ಇಷ್ಟರಲ್ಲಿ ಒಂದೂವರೆಯಾಗಿತ್ತು. ಕಗೆಯಾಮ ಊಟವನ್ನೂ ಮಾಡಿರಲಿಲ್ಲ. ಮತ್ತೆ ಫೋನು ಬಂತು. ಈ ಸಲ ತಾಯಿ. ಮಿತ್ಸುಯೊ ಅದೇ ಸಂಘದ ಅಡುಗೆಮನೆಯಲ್ಲಿ ಆರು ವರ್ಷದಿಂದ ಮೊಟ್ಟೆಯ ಸುರುಳಿ ಮಾಡುತ್ತಿದ್ದಳು. ಆದರೆ ಮಗನ ಆಫೀಸಿಗೆ ಒಂದು ದಿನವೂ ಫೋನು ಮಾಡಿದವಳಲ್ಲ.

"ತೊಶಿ, ಕೆಲಸದಲ್ಲಿದ್ದೀಯೇನೋ?"

"ಹೇಳಮ್ಮ."

"ಆ ಪಟ್ಟಿ... ಸಂಜೆಗಾದ್ರೂ ಮೊದಲಿನ ಹಾಗೇ ನಿಧಾನಕ್ಕೆ ಬರೋ ಹಾಗೆ ಮಾಡೋಕಾಗುತ್ತಾ?"

"ನಿನಗೇನಮ್ಮ ತೊಂದರೆ?"

ಆ ಕಡೆ ಪಾತ್ರೆಯನ್ನು ಸರಿಸಿಟ್ಟ ಸದ್ದಾಯಿತು. "ಮೊಟ್ಟೆ ಸುರುಳಿ ಆರಬೇಕಲ್ಲಪ್ಪ. ಬಿಸಿಯಲ್ಲಿ ಕೊಯ್ದರೆ ಒಡೆಯುತ್ತೆ."

ಅಷ್ಟು ಸಾಕಾಯಿತು. ತಂದೆ ಸತ್ತ ಮೇಲೆ ಹದಿಮೂರು ವರ್ಷ ತನಗಾಗಿ ಏನನ್ನೂ ಕೇಳದ ತಾಯಿ ಈಗ ಮೊಟ್ಟೆಗಾಗಿ ಕೇಳುತ್ತಿದ್ದಳು. ಕಗೆಯಾಮ ಫೋನಿಟ್ಟವನೇ ಜಿಟ್‌ನ ತಂಟೆಗೆ ಹೋಗದೆ ಪ್ರೋಗ್ರಾಂನಲ್ಲಿ ಇನ್ನೊಂದು ಸಾಲು ಬರೆದ: ಲೆಕ್ಕ ಮುಗಿದ ಮೇಲೆ ಹದಿನೇಳು ನಿಮಿಷ ಕಾಯಿ, ಆಮೇಲೆ ಮುಂದೆ ಹೋಗು. ಯಜಮಾನನಿಗೆ ಜಿಟ್ ಇದ್ದೇ ಇರುತ್ತದೆ, ತಾಯಿಗೆ ಇಪ್ಪತ್ತು ನಿಮಿಷವೂ ಸಿಗುತ್ತದೆ. ಹೊತ್ತಾಗುತ್ತಿದ್ದುದರಿಂದ ಒಂದೇ ವ್ಯಾನಿನ ಪಟ್ಟಿ ಹಾಕಿ ಓಡಿಸಿ ನೋಡಿದ. ಎಲ್ಲ ಸರಿಯಾಗಿತ್ತು. ಅಡುಗೆಮನೆಯ ಕಂಪ್ಯೂಟರಿಗೆ ಅದನ್ನು ಕಳಿಸಿ, ಟೈ ಕಟ್ಟಿಕೊಂಡು, ನಿಶಿಕೊರಿಯ ಕಾರು ಹತ್ತಿದ.

ಮೂರು ಗಂಟೆಗೆ ಅಧ್ಯಕ್ಷರ ಕೋಣೆಯಲ್ಲಿ, ಆ ಸಾಲಿಲ್ಲದ ಪ್ರತಿಯನ್ನು ತೋರಿಸಿದ. ಮೂರು ನಿಮಿಷಕ್ಕೆ ಪಟ್ಟಿ ಬಂತು. ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ನಿಶಿಕೊರಿ ಆ ಭಾಷೆಯನ್ನು ತಾನೇ ಹೆತ್ತವನ ಹಾಗೆ ಮಾತಾಡತೊಡಗಿದ. ಮೂರೂವರೆಯ ಹೊತ್ತಿಗೆ ಕಗೆಯಾಮನ ಜೇಬಿನಲ್ಲಿ ಫೋನು ಬುಟ್ಟಿಗೆ ಬಿದ್ದ ಮೀನಿನಂತೆ ಒದ್ದಾಡಲು ಶುರುಮಾಡಿತು. ಅಧ್ಯಕ್ಷರೆದುರು ತೆಗೆಯುವ ಹಾಗಿರಲಿಲ್ಲ. ಅದು ಒದ್ದಾಡಿ ಸುಮ್ಮನಾಯಿತು. ಮತ್ತೆ ಒದ್ದಾಡಿತು. ನಾಲ್ಕೂಕಾಲಿಗೆ ಅಧ್ಯಕ್ಷರದೇ ಫೋನು ಬಡಿದುಕೊಂಡಿತು.

"ಅತ್ತೆಯವರೇ? ಊಟ ಇನ್ನೂ ಬಂದಿಲ್ವಾ? ಈಗ ಮೂರೇ ನಿಮಿಷದಲ್ಲಿ..." ಅಧ್ಯಕ್ಷರು ಮಾತು ನಿಲ್ಲಿಸಿ ನಿಶಿಕೊರಿಯನ್ನು ನೋಡಿದರು. ನಿಶಿಕೊರಿ ಕಗೆಯಾಮನನ್ನು ನೋಡಿದ. ಕಗೆಯಾಮ ನೋಡಲು ಹಿಂದೆ ಗೋಡೆ ಮಾತ್ರ ಇತ್ತು.

ಅವನಿಗೆ ಆಗ ಹೊಳೆಯಿತು. ಕಾಯುವ ಸಾಲನ್ನು ಒಂದೇ ಸಲ ಓಡುವ ಕಡೆ ಬರೆಯುವ ಬದಲು, ವ್ಯಾನಿಗೊಂದು ಸಲ ಓಡುವ ಕಡೆ ಬರೆದಿದ್ದ. ನಾಲ್ಕು ವ್ಯಾನು, ನಾಲ್ಕು ಹದಿನೇಳು. ಅಡುಗೆಮನೆ ಒಂದು ಗಂಟೆ ಹನ್ನೊಂದು ನಿಮಿಷ ಪಟ್ಟಿಗಾಗಿ ಕಾದು ಕುಳಿತಿತ್ತು.

ಅವನೂ ನಿಶಿಕೊರಿಯೂ ಹಣೆ ಮೇಜಿಗೆ ತಾಗುವವರೆಗೆ ಬಗ್ಗಿದರು. ಅಧ್ಯಕ್ಷರು ಒಳ್ಳೆಯವರು, ಬೈಯಲಿಲ್ಲ. ಎರಡು ಊರಿನ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ. ಆಫೀಸಿಗೆ ಮರಳಿದ ಕಗೆಯಾಮ ಆ ಸಾಲನ್ನೂ ಕಿತ್ತ, ಜಿಟ್ ಅನ್ನೂ ಮಲಗಿಸಿದ. ಎಲ್ಲ ಸೋಮವಾರ ಇದ್ದ ಹಾಗಾಯಿತು. ಹೆದರುತ್ತ ಇತೊಹಾರಾಗೆ ಫೋನು ಮಾಡಿ ಕ್ಷಮೆ ಕೇಳಿದರೆ, ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಇರಲಿ ಬಿಡಿ. ನೀವು ಬೇಗ ಮನೆಗೆ ಹೋಗಿ, ಕಗೆಯಾಮ-ಸಾನ್," ಎಂದಳು.

ಏಳು ಗಂಟೆಗೆ ಮನೆಗೆ ಬಂದರೆ ಹೊಸಿಲಿನ ಬಳಿ ದೊಡ್ಡದೊಂದು ಜೊತೆ ಬೂಟು. ಒಳಗೆ ಊಟದ ಮೇಜಿನ ಮುಂದೆ ಮೂರನೇ ವ್ಯಾನಿನ ಡ್ರೈವರ್ ಎಜುಮಿ ಮಂಡಿಯೂರಿ ಕುಳಿತಿದ್ದ. ಅರವತ್ತೆಂಟು ವರ್ಷದ ವಿಧುರ. ಕಗೆಯಾಮನನ್ನು ನೋಡಿ ತಲೆಬಾಗಿಸಿ, "ಇವತ್ತು... ಗಾಳಿ ಸ್ವಲ್ಪ..." ಎಂದು ಶುರುಮಾಡಿದ.

"ಅದು ಆಮೇಲಾಗಲಿ," ಎಂದಳು ಮಿತ್ಸುಯೊ. ಅವಳ ಕೆನ್ನೆ ಕೆಂಪಾಗಿತ್ತು. "ತೊಶಿ, ಕೂತ್ಕೊ. ಇವರು ಎರಡು ವರ್ಷದಿಂದ, ಪಟ್ಟಿಗೆ ಕಾಯೋವಾಗ, ನನಗೇನೋ ಹೇಳಬೇಕು ಅಂತಿದ್ರು. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಹವೆ ಮಾತು ಮುಗೀತಿತ್ತು, ಪಟ್ಟಿ ಬರ್ತಿತ್ತು, ಎದ್ದು ಹೋಗೋರು. ಬೆಳಿಗ್ಗೆ ಅದೂ ತಪ್ಪಿಹೋಯ್ತು. ಸಂಜೆ ನೋಡು, ಹವೆ ಮುಗೀತು, ಸರೋವರದ ಚಿಪ್ಪುಮೀನು ಮುಗೀತು, ಮೊಣಕಾಲು ನೋವೂ ಮುಗೀತು, ಪಟ್ಟಿ ಮಾತ್ರ ಬರಲಿಲ್ಲ. ಇನ್ನೇನೂ ಉಳೀದೆ ಅದನ್ನ ಹೇಳೇಬಿಟ್ರು."

"ನೀನೇನಂದೆ?"

"ಬರೋ ತಿಂಗಳು ಮದುವೆಯಾಗಿ ಅವರ ಮನೆಗೆ ಹೋಗೋದು ಅಂತ."

ತಾಯಿ ಹೀಗೆ ನಗುವುದನ್ನು ಕಗೆಯಾಮ ಬಹಳ ಕಾಲದಿಂದ ನೋಡಿರಲಿಲ್ಲ. ಎಜುಮಿಗೆ ನೆಲಕ್ಕೆ ತಾಗುವಂತೆ ನಮಸ್ಕರಿಸಿದ. ತಲೆ ಎತ್ತುವಾಗ, ಅನ್ನ ಬೇಯಿಸಲು ತನಗೆ ಬರುವುದಿಲ್ಲ ಎಂಬುದು ನೆನಪಾಯಿತು.

"ನಿನ್ನ ಊಟದ ಯೋಚನೆ ಮಾಡಬೇಡ," ಎಂದಳು ತಾಯಿ. "ಇತೊಹಾರಾ-ಸಾನ್ ವಯಸ್ಸು ನೋಡದೆ ನಿನ್ನ ಹೆಸರನ್ನೂ ಪಟ್ಟಿಗೆ ಸೇರಿಸ್ತಾರಂತೆ."

ಸೇರಿಸಿದರು. ಮರುತಿಂಗಳ ಒಂದನೇ ತಾರೀಖು ಪ್ರೋಗ್ರಾಂ ಇಪ್ಪತ್ತು ನಿಮಿಷ ಲೆಕ್ಕಹಾಕಿ, ಕಗೆಯಾಮನ ಮನೆಯನ್ನು ಮೂರನೇ ವ್ಯಾನಿನ ಕೊನೆಯ ಮನೆಯಾಗಿ ಇಟ್ಟಿತು. ಲೆಕ್ಕ ಅವನದೇ, ತಪ್ಪು ಹುಡುಕುವ ಹಾಗಿರಲಿಲ್ಲ. ಸಂಜೆ ಬಾಗಿಲು ತೆರೆದರೆ ಎಜುಮಿ ಡಬ್ಬಿ ಹಿಡಿದು ನಿಂತಿದ್ದ. ಮುಂದೆ ಹೋಗಬೇಕಾದ ಮನೆ ಯಾವುದೂ ಇರಲಿಲ್ಲ. ಡಬ್ಬಿಯನ್ನು ಎದೆಗವಚಿಕೊಂಡೇ, "ಇವತ್ತು... ಗಾಳಿ ಸ್ವಲ್ಪ..." ಎಂದು ಶುರುಮಾಡಿದ. ಕಗೆಯಾಮ ಬಾಗಿಲಿಗೆ ಒರಗಿ ಕೇಳುತ್ತ ನಿಂತ.