ನಾನು ಕೆಡವಿದ ಸಂಕಗಳು

ಹೆದರುಪುಕ್ಕಲರಲ್ಲಿ ಎರಡು ನಮೂನೆ ಉಂಟು. ಹೇಳಿದಷ್ಟು ಮಾಡಿ ಸುಮ್ಮನಾಗುವವರು ಒಂದು, ಹೇಳಿದ್ದಕ್ಕಿಂತ ಹತ್ತು ಪಾಲು ಹೆಚ್ಚು ಮಾಡಿ ಆಮೇಲೆ ಕೂತು ಬೆವರುವವರು ಇನ್ನೊಂದು. ನಾನು ಎರಡನೇ ನಮೂನೆಯ ಶಿರೋಮಣಿ. ಒಬ್ಬರು ಫೋನ್ ಮಾಡಿ ಒಂದು ಫೋಟೋ ಡಿಲೀಟ್ ಮಾಡ್ಲಿಕ್ಕೆ ಹೇಳಿದರು. ನಾನು ಸುಳ್ಯದಿಂದ ಕಡಬದವರೆಗೆ ಹೊಳೆ ದಾಟುವ ಕಾಲುಸಂಕಗಳನ್ನೆಲ್ಲ ಒಂದೇ ಬೆರಳಲ್ಲಿ ಕೆಡವಿ ಹಾಕಿದೆ. ದೊಡ್ಡ ನೆರೆ ಬಂದ ವರ್ಷವೂ ನಮ್ಮಲ್ಲಿ ಅಷ್ಟು ಸಂಕ ಹೋದದ್ದಿಲ್ಲ.

ಕಡಬ ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಬೋರ್ಡಿನಲ್ಲಿ 'ಲ್ಯಾಮಿನೇಶನ್' ಕೆಳಗೆ 'ವೆಬ್ ಹೋಸ್ಟಿಂಗ್' ಅಂತಲೂ ಬರೆಸಿದ್ದೇನೆ. ದೊಡ್ಡ ವಿಷಯ ಎಂತ ಇಲ್ಲ, ಎಲ್ಲಿಯದೋ ದೊಡ್ಡ ಕಂಪನಿಯ ಕಂಪ್ಯೂಟರಿನಲ್ಲಿ ಜಾಗ ಬಾಡಿಗೆಗೆ ತಗೊಂಡು ಊರಿನವರ ವೆಬ್‌ಸೈಟುಗಳಿಗೆ ಒಳಬಾಡಿಗೆಗೆ ಕೊಡುದು. ನನ್ನ ಬಾಡಿಗೆದಾರರಲ್ಲಿ ಕುಶಾಲಪ್ಪಣ್ಣ ಒಬ್ಬರು. ಅರಂತೋಡಿನ ಕಡೆಯವರು, ರಿಟೈರ್ಡ್ ಪೋಸ್ಟ್‌ಮ್ಯಾನ್. ಕಾಗದ ಹಂಚಲು ದಾಟಿದ ಸಂಕಗಳನ್ನೆಲ್ಲ ರಿಟೈರ್ ಆದ ಮೇಲೆ ಇನ್ನೊಮ್ಮೆ ನಡೆದು, ಫೋಟೋ ತೆಗೆದು, ಯಾರು ಯಾವಾಗ ಸೇತುವೆ ಮಾಡಿಸಿ ಕೊಡ್ತೇನೆ ಅಂದಿದ್ದರು ಅಂತ ಕೆಳಗೆ ಬರೆದು ವೆಬ್‌ಸೈಟಿಗೆ ಹಾಕ್ತಿದ್ದರು. ಈ ಸಲ ಗ್ರಾಮಸಭೆಯಲ್ಲಿ ಅದನ್ನು ತೋರಿಸಿ ಒಂದಾದರೂ ಗಟ್ಟಿ ಸಂಕ ಮಾಡಿಸಬೇಕು ಅಂತ ಅವರ ಆಸೆ. ಅವರ ಫೋನು ಹೋದ ಮಳೆಗಾಲದಲ್ಲಿ ಅಂಥದ್ದೇ ಸಂಕದಿಂದ ಹೊಳೆಗೆ ಬಿದ್ದಿತ್ತು. ಹಾಗಾಗಿ ಫೋಟೋಗಳು ಉಳಿದದ್ದು ನನ್ನಲ್ಲಿ ಮಾತ್ರ. ನಾನೇ ಅವರಿಗೆ ಚಾ ತರಿಸಿ ಭಾಷಣ ಮಾಡಿದ್ದೆ: "ಹೊರಗಿನ ಕಂಪನಿಯವರನ್ನು ನಂಬಬೇಡಿ ಕುಶಾಲಪ್ಪಣ್ಣ. ಮೇಲಿನಿಂದ ಒಂದು ಒತ್ತಡ ಬಂದ್ರೆ ಬಾಗಿಲು ಹಾಕಿ ಬಿಡ್ತಾರೆ. ನನ್ನ ಹತ್ರ ಇಡಿ. ಕಡಬದಲ್ಲಿ ವಾಕ್ ಸ್ವಾತಂತ್ರ್ಯಕ್ಕೆ ನಾನಿದ್ದೇನೆ."

ಫೋನ್ ಬಂದದ್ದು ಒಂದು ಕಚೇರಿಯಿಂದ. ಯಾವುದು ಅಂತ ಹೇಳುವ ಧೈರ್ಯ ನನಗೆ ಈಗಲೂ ಇಲ್ಲ. ಕಚೇರಿ ಅಂದ ಕೂಡಲೇ ಎದ್ದು ನಿಂತೆ, ಎತ್ತಿ ಕಟ್ಟಿದ ಲುಂಗಿ ಕೆಳಗಿಳಿಸಿದೆ. ಫೋನಿಗೆ ಮೊಣಕಾಲು ಕಾಣುದಿಲ್ಲ ಅಂತ ಆಗ ಹೊಳೀಲಿಲ್ಲ.

"ಆ ಸಂಕದ ವೆಬ್‌ಸೈಟು ನಿಮ್ಮದಲ್ವಾ?"

"ನಂದಲ್ಲ ಸಾರ್, ಜಾಗ ಮಾತ್ರ ನಂದು."

"ಜಾಗ ನಿಮ್ಮದಾದ್ರೆ ಅದರಲ್ಲಿ ಬೆಳೆದದ್ದೂ ನಿಮ್ಮದೇ ಅಲ್ವಾ ಮಾರಾಯ್ರೆ. ಶಿಲಾನ್ಯಾಸದ ಕಲ್ಲಿನ ಫೋಟೋ ಒಂದು ಉಂಟಲ್ಲ, ಅದನ್ನು ಡಿಲೀಟ್ ಮಾಡಿ. ಮೇಲಿನವರು ಬರ್ಲಿಕ್ಕುಂಟು."

ಆ ಫೋಟೋ ನನಗೆ ಗೊತ್ತಿತ್ತು. ಎದುರಿಗೆ ಸೇತುವೆಯ ಶಿಲಾನ್ಯಾಸದ ಕಲ್ಲು, ಹಿಂದೆ ಅಡ್ಡ ಹಾಕಿದ ಎರಡು ಅಡಿಕೆ ಮರದ ಮೇಲೆ ಹಗ್ಗ ಹಿಡಿದು ದಾಟುವ ಶಾಲೆಯ ಮಕ್ಕಳು. ಕೆಳಗೆ ಕುಶಾಲಪ್ಪಣ್ಣ ಬರೆದದ್ದು ಒಂದೇ ಸಾಲು: 'ಕಲ್ಲು ಗಟ್ಟಿ ಉಂಟು.'

ಫೋನ್ ಇಟ್ಟ ಮೇಲೆ ನನ್ನ ತಲೆ ಓಡಿದ ಸ್ಪೀಡಿಗೆ ಯಾವ ಸರ್ವರೂ ಓಡ್ಲಿಕ್ಕಿಲ್ಲ. ಇವತ್ತು ಒಂದು ಫೋಟೋ ಅಂದವರು ನಾಳೆ ಎರಡು ಅನ್ನುದಿಲ್ವಾ? ನಾಡಿದ್ದು ಜೀಪ್ ಬಂದ್ರೆ? ಅಮ್ಮ ಜೈಲಿಗೆ ಗಂಜಿ, ಚಟ್ನಿ ತರುವುದೂ, ಚಟ್ನಿಗೆ ಉಪ್ಪು ಕಡಿಮೆ ಅಂತ ನಾನು ಕಂಬಿಯೊಳಗಿನಿಂದ ಗೊಣಗುವುದೂ ಕಂಡು ಹೋಯ್ತು. ಬುಡಸಮೇತ ತೆಗೆದ್ರೆ ಚಿಂತೆಯೇ ಇಲ್ಲ ಅಂತ ಕುಶಾಲಪ್ಪಣ್ಣನ ಇಡೀ ಅಕೌಂಟನ್ನೇ ಡಿಲೀಟ್ ಮಾಡಿದೆ. ಖಂಡಿತವಾ ಅಂತ ಕಂಪ್ಯೂಟರ್ ಎರಡು ಸಲ ಕೇಳಿತು. ಅದಕ್ಕಿದ್ದ ವಿವೇಕ ನನಗಿಲ್ಲದೆ ಹೋಯ್ತು. ಬ್ಯಾಕಪ್ ಕೂಡ ಅದೇ ಅಕೌಂಟಿನ ಒಳಗೆ ಇತ್ತು. ದೊಡ್ಡ ಕಂಪನಿಗೆ ಬರೆದು ಗೋಗರೆದೆ. ನೀವೇ ಡಿಲೀಟ್ ಮಾಡಿದ್ದನ್ನು ವಾಪಸು ತರಲಿಕ್ಕೆ ಆಗುದಿಲ್ಲ ಅಂತ ಬಹಳ ಮರ್ಯಾದೆಯ ಉತ್ತರ ಬಂತು. ನಾನು ಅಷ್ಟು ಬೈದ ಕಂಪನಿ ಒಂದು ಅಕ್ಷರವನ್ನೂ ಮುಟ್ಟಿರಲಿಲ್ಲ.

ಮೇಲಿನವರು ಬರಲೂ ಇಲ್ಲ. ಮಳೆ ಜೋರುಂಟು ಅಂತ ಪುತ್ತೂರಿನಿಂದಲೇ ತಿರುಗಿ ಹೋದರಂತೆ. ಕಚೇರಿಯಿಂದ ಮಾತ್ರ ಇನ್ನೊಂದು ಫೋನ್ ಬಂತು. "ನಾನು ಹೇಳಿದ್ದು ಒಂದು, ನೀವು ಇಡೀ ತೆಗ್ದಿದ್ದೀರಲ್ಲ. ಭಾರಿ ಒಳ್ಳೆ ಜನ ಮಾರಾಯ್ರೆ ನೀವು." ಜನ್ಮದಲ್ಲಿ ಸರಕಾರದ ಕಡೆಯಿಂದ ನನಗೆ ಸಿಕ್ಕಿದ ಪ್ರಶಸ್ತಿ ಅದೊಂದೇ.

ಎರಡು ದಿನ ಬಿಟ್ಟು ಕುಶಾಲಪ್ಪಣ್ಣ ಹೊಸ ಫೋಟೋ ಹಿಡ್ಕೊಂಡು ಅಂಗಡಿಗೆ ಬಂದರು. ವಿಷಯ ಹೇಳಿದೆ. ಕೊಡೆ ಮಡಚಿ ಸ್ಟೂಲಿನಲ್ಲಿ ಕೂತರು.

"ಪುನಃ ಫೋಟೋ ತೆಗೀಲಿಕ್ಕೆ ನಾನೇ ಬರ್ತೇನೆ," ಅಂದೆ.

"ಎಂತದರ ಫೋಟೋ? ಅರ್ಧದಷ್ಟು ಸಂಕ ಈ ಮಳೆಗೆ ಕೊಚ್ಚಿ ಹೋಗಿ ಆಯ್ತು. ನೀರಿನ ಫೋಟೋ ತೆಗೀಬೇಕಷ್ಟೆ." ಮತ್ತೆ ಕೇಳಿದರು, "ನೋಟೀಸು ಬಂದಿತ್ತಾ?"

"ಇಲ್ಲ. ಫೋನ್."

"ಬರೆದು ಕೊಡಿ ಅಂತ ಕೇಳಿದ್ದಿಯಾ?"

ನಾನು ಕೀಬೋರ್ಡಿನ ಧೂಳು ಒರೆಸಿದೆ.

"ನನ್ನ ಸೈಕಲನ್ನೂ ಬೆಳ್ಳಾರೆಯಲ್ಲಿ ಒಬ್ಬರು ದೊಡ್ಡವರು ನಿಲ್ಲಿಸಿದ್ರು," ಅಂದರು. "ಇಂಥವನಿಗೆ ಬರುವ ಕಾಗದ ಅವನಿಗೆ ಕೊಡಬೇಡ ಅಂದ್ರು. ನನಗೂ ಹೆದರಿಕೆ ಆಯ್ತು. ಆಯ್ತು ಧಣಿಗಳೇ, ಅದನ್ನು ಒಂದು ಚೀಟಿಯಲ್ಲಿ ಬರೆದು ಸೈನ್ ಹಾಕಿ ಕೊಡಿ ಅಂದೆ. ಆ ಚೀಟಿ ಇವತ್ತಿನವರೆಗೆ ಬರ್ಲಿಲ್ಲ. ಕಾಗದ ಅವತ್ತೇ ಅವನ ಕೈಗೆ ಹೋಯ್ತು."

ಎದ್ದು ಕೊಡೆ ಬಿಡಿಸಿದರು. ಮೆಟ್ಟಿಲಿಳಿದು, ತಿರುಗಿ ನಿಂತು, ಸಿಟ್ಟೇ ಇಲ್ಲದ ಸ್ವರದಲ್ಲಿ ಹೇಳಿದರು: "ನೀನು ಪೋಸ್ಟ್‌ಮ್ಯಾನ್ ಆಗಿದ್ರೆ, ಯಾರಾದ್ರೂ ಒಂದು ಕಾಗದ ಕೊಡಬೇಡ ಅಂದ ಕೂಡಲೇ ಇಡೀ ಪೋಸ್ಟಾಫೀಸಿಗೇ ಬೆಂಕಿ ಕೊಡ್ತಿದ್ದಿ ಮಾರಾಯ."