ಚೊಗರು ಹಿಡಿದು ಕಾರ್ಪೆಟ್ ಅಂಗಡಿಗೆ ಹೋದವನು

ನನ್ನ ಮೈದುನನಿಗೆ ತಲೆ ಇಲ್ಲ ಎಂದು ನಾನು ಹೇಳುವುದಿಲ್ಲ. ಇದೆ, ಆದರೆ ಅದರೊಳಗೆ ಅಡಿಕೆ ಬಿಟ್ಟರೆ ಬೇರೇನೂ ಹಿಡಿಸುವುದಿಲ್ಲ! ಬಸವಾಪಟ್ಟಣದಲ್ಲಿ ನಲವತ್ತು ವರ್ಷ ಅಡಿಕೆ ವ್ಯಾಪಾರ ಮಾಡಿದ ಮನುಷ್ಯ. ಹಲ್ಲಲ್ಲಿ ಕಡಿದು ನೋಡದೆ ಏನನ್ನೂ ಕೊಂಡವನಲ್ಲ. ಹೆಣ್ಣು ನೋಡಲು ಹೋದಾಗ ಹೇಗೆ ಸುಮ್ಮನಿದ್ದನೋ!

ಜಗಳೂರಿನ ನಮ್ಮ ಮನೆಯಲ್ಲಿ ಎಲ್ಲರೂ ಪಡಸಾಲೆಯ ಕಾರ್ಪೆಟ್ ಮೇಲೆ ಕೂತು ಉಣ್ಣುತ್ತೇವೆ. ಹೋದ ವರ್ಷದಿಂದ ನನ್ನ ಬಲಗೈ ನಡುಗುತ್ತದೆ. ಸೊಸೆ ಆಸೆಪಟ್ಟು ತಂದ ಬಿಳಿ ಕಾರ್ಪೆಟ್ ಮೇಲೆ ಒಂದು ರಾತ್ರಿ ನಾನು ಸಾರು ಚೆಲ್ಲಿದೆ. ಯಾರೂ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಕಷ್ಟವಾಯಿತು. ಮರುದಿನದಿಂದ ನನ್ನ ತಟ್ಟೆ ಅಡುಗೆಮನೆಗೆ ಹೋಯಿತು. ಸೊಸೆ ಕರೆದಳು, ಮಗ ಕರೆದ; ನಾನು ಹೋಗಲಿಲ್ಲ.

ಊರಿಗೆ ಬಂದ ಮೈದುನ ಇದನ್ನು ಕಂಡ. "ಅತ್ಗೆಮ್ಮ, ಕಲೆ ಹಿಡೀದ ಕಾರ್ಪೆಟ್ ಐತಂತೆ. ತಂದ್ರೆ ಹೊರಗೆ ಬಂದು ಉಣ್ತೀರೋ ಇಲ್ಲೋ?"

"ಮೊದ್ಲು ತಾ, ಆಮೇಲೆ ನೋಡಣ."

ತರುವುದೆಂದರೆ ಸುಮ್ಮನೆಯೇ? ಕೈಯಲ್ಲಿ ಒಂದು ಬಾಟಲಿ ಚೊಗರು! ಅಡಿಕೆ ಬೇಯಿಸಿದ ಕೆಂಪು ನೀರು. ಬಟ್ಟೆ ಹರಿದೀತು, ಅದರ ಕಲೆ ಹೋಗದು. ಚನ್ನಗಿರಿಯ ಅಂಗಡಿಯಲ್ಲಿ ಒಂದು ತುಂಡಿಗೆ ಸುರಿದ. ಕೆಂಪಾಯಿತು. ನ್ಯಾಮತಿಯಲ್ಲಿ ಸುರಿದ. ಅದೂ ಕೆಂಪು. ಅಲ್ಲಿಯ ಅಂಗಡಿಯವನು ಬಾಗಿಲವರೆಗೂ ಬಂದು ಕಳಿಸಿಕೊಟ್ಟನಂತೆ; ಇವನು ಅದನ್ನು ಮರ್ಯಾದೆ ಎಂದುಕೊಂಡಿದ್ದಾನೆ! ಫೋನ್ ಬಂತು.

"ಎಲ್ಲಾ ಮೋಸ ಅತ್ಗೆಮ್ಮ! ಒಂದೂ ಚೊಗರು ತಡಿಯಲ್ಲ."

"ಲೇ, ನಾನು ಮುದ್ದೆಗೆ ಚೊಗರು ಹಾಕ್ಕಂಡು ಉಣ್ತೀನೇನೋ?"

ಅತ್ತ ಕಡೆ ಬಾಟಲಿಯ ಚೊಗರನ್ನು ಚರಂಡಿಗೆ ಸುರಿಯುವ ಸದ್ದು ಕೇಳಿಸಿತು.

ಹೊನ್ನಾಳಿಗೆ ನಾನೇ ಜೊತೆಗೆ ಹೋದೆ, ಒಂದು ಡಬ್ಬಿ ಸಾರು ಹಿಡಿದು. ಅಂಗಡಿಯವನು ತಾಳ್ಮೆಯವನು. ಉಣ್ಣೆಯದು ಕಾಲಿಗೆ ಮೆತ್ತಗೆ, ಅರಿಶಿನ ಬಿದ್ದರೆ ಮಾತ್ರ ಬಿಡುವುದಿಲ್ಲವಂತೆ. ಪ್ಲಾಸ್ಟಿಕ್ ನೂಲಿನದರಲ್ಲಿ, ನೂಲು ತೆಗೆಯುವಾಗಲೇ ಬಣ್ಣ ಬೆರೆಸಿದ್ದು ಬೇಗ ಕಲೆ ಕುಡಿಯುವುದಿಲ್ಲವಂತೆ. ಮೈದುನ ಅದನ್ನು ಮೂಸಿ, ಅಂಚನ್ನು ಕಡಿದ!

"ಯಜಮಾನ್ರೇ, ಅದು ತಿನ್ನಾದಲ್ರೀ!"

"ಗೊತ್ತೈತಪ್ಪ. ಇದಕ್ಕೆ ಕಲೆ ಹಿಡಿಯಾದೇ ಇಲ್ವಾ?"

"ಹಂಗೇನಿಲ್ರೀ. ಒರೆಸಾಕೆ ಟೈಮ್ ಕೊಡತ್ತೆ, ಅಷ್ಟೆ. ಚೆಲ್ಲಿದ ತಕ್ಷಣ ಬಟ್ಟೆ ಇಟ್ಟು ಒತ್ರಿ. ಉಜ್ಜಬೇಡ್ರಿ."

ಅದರ ಒಂದು ತುಂಡಿಗೆ ಸಾರು ಸುರಿದೆ, ಒತ್ತಿದೆ. ಕಣ್ಣಿಟ್ಟು ಹುಡುಕಿದರಷ್ಟೇ ಕಾಣುವಷ್ಟು ಉಳಿಯಿತು. ಹುಡುಕುವವರಿಗೆ ನಾವೇನು ಮಾಡಲಾದೀತು? ಅದರಲ್ಲೇ ಕಂದು ಬಣ್ಣದ್ದನ್ನು ತಂದೆವು.

ಸಂಜೆ ಹಾಸಿದರು. ಎಲ್ಲರೂ ಊಟಕ್ಕೆ ಕೂತರು. ನಾನೂ ಕೂತೆ. ಮೊದಲ ತುತ್ತಿಗೇ ಕೈ ನಡುಗಿ ಸಾರು ಚೆಲ್ಲಿತು. ಮತ್ತೆ ಯಾರೂ ಏನೂ ಅನ್ನಲಿಲ್ಲ. ತಟ್ಟೆ ಹಿಡಿದು ಏಳಲು ಹೊರಟೆ.

ಎದುರಿಗಿದ್ದ ಮೈದುನ ತನ್ನ ಸಾರಿನ ಬಟ್ಟಲನ್ನು ನಿಧಾನವಾಗಿ ವಾಲಿಸಿ, ಪೂರ್ತಿ ಕಾರ್ಪೆಟ್ ಮೇಲೆ ಮಗುಚಿದ.

"ಅಯ್ಯೋ, ನಂದೂ ಚೆಲ್ತು! ಏನ್ ನೋಡ್ತೀರಿ, ಬಟ್ಟೆ ತರ್ರಿ!"

ಮೊದಲು ಸೊಸೆ ನಕ್ಕಳು, ಆಮೇಲೆ ಎಲ್ಲರೂ. ಮಗ ನನ್ನ ಕಲೆಯನ್ನು ಒತ್ತಿದ, ಸೊಸೆ ಮೈದುನನದನ್ನು. ಅಡಿಕೆ ಆರಿಸಿ ಆರಿಸಿ ಪಳಗಿದ ಆ ಕೈ ಒಮ್ಮೆಯೂ ನಡುಗಿದ್ದನ್ನು ನಾನು ಕಂಡಿಲ್ಲ.

ನಾನು ತಟ್ಟೆಯನ್ನು ಕೆಳಗಿಟ್ಟೆ.

"ಆ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕಮ್ಮ," ಎಂದೆ ಸೊಸೆಗೆ. "ಪಾಪ, ಅವನಿನ್ನೂ ಉಂಡಿಲ್ಲ."